ಸ್ಲೌ ಊರಲ್ಲಿ ಸಿಕ್ಕಿದ ಹಾವಿನ ಪೊರೆ

ಅಕ್ಕ ಹೊಸ ಮನೆಗೆ ಹೋಗಿದ್ದಾಳೆ ಅಂತ ನೋಡೋಕೆ ಹೋಗಿದ್ದೆ, ಲಂಡನ್ ಪಕ್ಕದ ಊರು, ಅಡ್ರೆಸ್ ವಾಟ್ಸಾಪಲ್ಲಿ ಕಳಿಸಿದ್ಲು ಅಷ್ಟೇ, ಊರಿನ ಹೆಸರು ಯಾರ ಬಾಯಲ್ಲೂ ಕೇಳಿರ್ಲಿಲ್ಲ. ಪ್ಯಾಡಿಂಗ್ಟನ್ ಸ್ಟೇಷನ್ನಲ್ಲಿ Slough ಅನ್ನೋ ಸ್ಪೆಲ್ಲಿಂಗ್ ನೋಡ್ಕೊಂಡು 'ಸ್ಲಫ್' ಅಂತ ಟಿಕೆಟ್ ಕೇಳಿದೆ. ಅಲ್ಲಿದ್ದ ಹೆಂಗಸು ಫೋನ್ ಇಸ್ಕೊಂಡು ನೋಡಿ "ಓ, ಸ್ಲೌ" ಅಂದ್ರು.

ಮನೆಗೆ ಹೋದ್ರೆ ಅಲ್ಲೂ ಅದೇ ಕಥೆ. ಅಕ್ಕನ ಮಗನಿಗೆ ಮಾರನೇ ದಿನ ಡಿಕ್ಟೇಶನ್, ಎಲ್ಲಾ ಓ-ಯು-ಜಿ-ಎಚ್ ಪದಗಳೇ. ರಫ್ ಅಂತೆ, ದೋ ಅಂತೆ, ಥ್ರೂ ಅಂತೆ, ಮರದ ಕೊಂಬೆಗೆ ಬೌ ಅಂತೆ, ದನಕ್ಕೆ ನೀರಿಡೋ ಬಾನಿಗೆ ಟ್ರಾಫ್ ಅಂತೆ. "ಮಾಮ, ಅಕ್ಷರ ನಾಲ್ಕೇ, ಸೌಂಡ್ ಯಾಕೆ ಒಂದೊಂದ್ರಲ್ಲಿ ಒಂದೊಂದು?" ಅಂದ, ಕಣ್ಣಲ್ಲಿ ನೀರು ತುಂಬ್ಕೊಂಡಿತ್ತು.

ಹೊರಗೆ ಮಳೆ. ಭಾವನ ದಪ್ಪ ಡಿಕ್ಷನರಿ ತಗೊಂಡು ಇಬ್ರೂ ನೆಲದ ಮೇಲೆ ಕೂತ್ವಿ. ಮೊದ್ಲು ಊರಿನ ಹೆಸರೇ ಹುಡುಕಿದ್ವಿ, ಅದು ಎರಡು ಪದ! ಸ್ಲೌ ಅಂದ್ರೆ ಕೆಸರು, ಜವುಗು. ಅದೇ ಸ್ಪೆಲ್ಲಿಂಗನ್ನ ಸ್ಲಫ್ ಅಂತ ಓದಿದ್ರೆ ಹಾವು ಬಿಟ್ಟ ಪೊರೆ. ಹುಡುಗನ ಕಣ್ಣು ಅರಳಿತು. ಆಮೇಲೆ ಚಫ್ ಸಿಕ್ತು, ಕಾಗೆ ಜಾತಿದು, ಕೊಕ್ಕು ಕಾಲು ಎರಡೂ ಕೆಂಪು, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ ಕಾಣೆಯಾಗಿದ್ದದ್ದು 2001ರಲ್ಲಿ ತಾನಾಗೇ ವಾಪಸ್ ಬಂತು. ಕ್ಲಫ್ ಅಂದ್ರೆ ಕಡಿದಾದ ಕಣಿವೆ. ಮರದೊಳಗೆ ಗಾಳಿ ಸುಯ್ ಅನ್ನೋದಕ್ಕೂ ಒಂದು ಪದ ಇದೆ, ಸೌ ಅಂತ, ಅದನ್ನ ಈಗ ಮಾತಲ್ಲಿ ಬಳಸೋದು ಅಪರೂಪ, ನನಗಂತೂ ಅದು ತುಂಬಾ ಹಿಡಿಸ್ತು.

ಅವನ ಪ್ರಶ್ನೆಗೆ ಉತ್ತರ ಹೇಳ್ಬೇಕಿತ್ತಲ್ಲ. ಆ ಜಿ-ಎಚ್ ಸುಮ್ನೆ ಕೂತಿರೋ ಅಕ್ಷರ ಅಲ್ಲ ಕಣೋ ಅಂದೆ. ಹಿಂದೆ ಅಲ್ಲಿ ಗಂಟಲನ್ನ ಕೆರೆದ ಹಾಗೆ ಬರೋ ಒಂದು ಖ್ ಸದ್ದು ಇತ್ತು, ಜರ್ಮನ್ನರು ರಾತ್ರಿಗೆ ನಾಖ್ಟ್ ಅಂತಾರಲ್ಲ, ಅದೇ ಸದ್ದು. ಹಳೇ ಇಂಗ್ಲಿಷಲ್ಲಿ ಅದಕ್ಕೆ ಬರೀ ಎಚ್ ಬರೀತಿದ್ರು, 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಬಂದು ಇಂಗ್ಲೆಂಡನ್ನ ಗೆದ್ಮೇಲೆ ಬರವಣಿಗೆಯವರು ಮೆಲ್ಲಗೆ ಜಿ-ಎಚ್ ಮಾಡಿದ್ರು. 1476ರಲ್ಲಿ ಕ್ಯಾಕ್ಸ್‌ಟನ್ ಅನ್ನೋನು ವೆಸ್ಟ್‌ಮಿನ್‌ಸ್ಟರಲ್ಲಿ ಪುಸ್ತಕ ಅಚ್ಚು ಹಾಕೋ ಪ್ರೆಸ್ ಹಾಕಿದ, ಆಮೇಲೆ ಸ್ಪೆಲ್ಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಆದ್ರೆ ಬಾಯಿ ಮಾತ್ರ ನಿಲ್ಲಲಿಲ್ಲ, ಕೆಲವು ಪದದಲ್ಲಿ ಆ ಸದ್ದು ಪೂರ್ತಿ ಬಿದ್ಹೋಯ್ತು, ಕೆಲವದರಲ್ಲಿ ಫ್ ಆಯ್ತು, ಸ್ವರಗಳೂ ಜಾಗ ಬದಲಾಯಿಸಿದ್ವು.

ನಮ್ಮಲ್ಲೂ ಹೀಗೇ ಆಗಿದೆ ಅಂತ ಒಂದು ಹಾಳೆ ಮೇಲೆ 'ಮೞೆ' ಅಂತ ಬರೆದು ತೋರಿಸ್ದೆ. ಹಳಗನ್ನಡದಲ್ಲಿ ಮಳೆಗೆ ಬೇರೇನೇ ಒಂದು ೞಕಾರ ಇತ್ತು, ಸದ್ದು ಹೋಯ್ತು, ನಾವು ಅಕ್ಷರಾನೂ ಬಿಟ್ಬಿಟ್ವಿ. ಓದೋಕೆ ಸುಲಭ ಆಯ್ತು ನಿಜ, ಆದ್ರೆ ಆ ಅಕ್ಷರ ನೋಡಿದಾಗೆಲ್ಲ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತೆ. ಇಂಗ್ಲಿಷ್‌ನವ್ರು ಬಿಟ್ಟಿಲ್ಲ, ಹಾವು ಹೋಗಿದೆ, ಪೊರೆ ಅಲ್ಲೇ ಇದೆ.

ಹುಡುಗ ಆ ೞಕಾರದ ಮೇಲೆ ಬೆರಳಾಡಿಸಿದ. ಆಮೇಲೆ "ಹಾಗಾದ್ರೆ ನೈಟ್, ಕೆ ಇಂದ ಶುರು ಆಗೋ ನೈಟು, ಅದನ್ನ ಹೆಂಗಂತಿದ್ರು?" ಅಂದ. ಎಲ್ಲಾ ಅಕ್ಷರಾನೂ ಹೇಳು ಅಂದೆ. "ಕ್-ನಿಖ್ಟ್!" ಅಂತ ಕೂಗಿದ, ಇನ್ನೊಂದ್ಸಲ, ಮತ್ತೂ ಒಂದ್ಸಲ. ಅಡುಗೆಮನೆಯಿಂದ ಅಕ್ಕ, "ಏನೋ ಅದು, ಗಂಟಲಿಗೆ ಏನಾದ್ರೂ ಸಿಕ್ಕಾಕೊಂಡಿದ್ಯಾ?" ಅಂತ ನೀರು ಹಿಡ್ಕೊಂಡು ಓಡಿ ಬಂದ್ಲು.