ಒಣ ವಾರದ ನಂತರದ ಮುಂಬಯಿ ಮಳೆ: ಮೊದಲು ಸಮುದ್ರದ ಭರತದ ಗಂಟೆ ನೋಡಿ

ಜುಲೈ, ಆಗಸ್ಟಿನಲ್ಲಿ ಎಂಟು ಹತ್ತು ದಿನ ಮಳೆ ಕೈಕೊಟ್ಟರೆ ಮುಂಬಯಿಯಲ್ಲಿ ಎಲ್ಲರ ಕಣ್ಣು ವಿಹಾರ, ತುಳಸಿ, ತಾನ್ಸಾ ಕೆರೆಗಳ ಮಟ್ಟದ ಮೇಲೆ. ನೆರೆಯ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಅಪಾಯ ಕೂಡಿಬರುವುದು ಆ ಒಣ ದಿನಗಳಲ್ಲೇ. ಒಣಗಿದ ನೆಲ ನೀರು ಕುಡಿಯುತ್ತದೆ ಎಂಬ ಊರಿನ ಲೆಕ್ಕ ಕಾಂಕ್ರೀಟಿನ ಮೇಲೆ ನಡೆಯದು. ಹರಿವು ನಿಂತ ನಾಲಾಗಳಲ್ಲಿ ಹೂಳು ತಳ ಹಿಡಿಯುತ್ತದೆ. ಪ್ಲಾಸ್ಟಿಕ್, ಥರ್ಮೋಕೋಲ್, ಒಣಗಿದ ಎಲೆ ರಸ್ತೆಬದಿ ಜಮೆಯಾಗುತ್ತದೆ. ಮಳೆ ಮರಳಿದ ದಿನ ಮೊದಲ ಅರ್ಧ ಗಂಟೆಯ ನೀರೇ ಇದನ್ನೆಲ್ಲ ತಂದು ಚರಂಡಿಯ ಜಾಲರಿಗೆ ಮೆತ್ತುತ್ತದೆ.

ನಗರದ ಹಳೆಯ ಮಳೆನೀರು ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಸಮುದ್ರದ ಇಳಿತದ ಹೊತ್ತಿಗೆ. 2005ರ ಮಹಾನೆರೆಯ ನಂತರದ ಕಾಮಗಾರಿಗಳ ಗುರಿ 50 ಮಿ.ಮೀ. ಹಾಗಾಗಿ ದಿನವಿಡೀ ಸುರಿದ 100 ಮಿ.ಮೀ. ಮಳೆ ಹರಿದುಹೋಗುತ್ತದೆ, ಅದೇ ಮಳೆ ಒಂದೂವರೆ ಗಂಟೆಯಲ್ಲಿ ಬಂದರೆ ನಿಲ್ಲುತ್ತದೆ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಹೇಳುವುದು 24 ಗಂಟೆಯ ಮೊತ್ತವನ್ನು. ಹೊರಡುವ ಮುನ್ನ ನೋಡಬೇಕಾದ್ದು ಅದೇ ಇಲಾಖೆ ಕೊಡುವ ಮೂರು ಗಂಟೆಯ ಮುನ್ಸೂಚನೆ. 'ಮುಂಬಯಿಗೆ ಇಷ್ಟು ಮಳೆ' ಎಂಬ ಒಂದೇ ಅಂಕಿಯನ್ನೂ ನಂಬಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಸುರಿದಾಗ ಕೊಲಾಬಾದಲ್ಲಿ ಬಿದ್ದದ್ದು 75 ಮಿ.ಮೀ.ಗೂ ಕಡಿಮೆ.

ಇದಕ್ಕೆ ಭರತದ ಗಂಟೆ ಸೇರಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತ 4.5 ಮೀಟರ್ ಮುಟ್ಟಬಹುದು, ಮುಂಬಯಿಯಲ್ಲಿ ಈ ದೊಡ್ಡ ಭರತಗಳು ಹೆಚ್ಚಾಗಿ ಬರುವುದು ನಡುಹಗಲು, ನಡುರಾತ್ರಿಯ ಸುತ್ತ. ಆಗ ಸಮುದ್ರ ಚರಂಡಿಯ ಬಾಯಿಗಿಂತ ಮೇಲಿರುತ್ತದೆ. ಗೇಟು ಇದ್ದಲ್ಲಿ ಮುಚ್ಚುತ್ತಾರೆ, ಇಲ್ಲದಲ್ಲಿ ಉಪ್ಪುನೀರೇ ಒಳಗೆ ನುಗ್ಗುತ್ತದೆ. ಹಾಜಿ ಅಲಿ, ಇರ್ಲಾ, ಲವ್ ಗ್ರೋವ್‌ನಂಥ ಪಂಪಿಂಗ್ ಸ್ಟೇಷನ್‌ಗಳಿದ್ದರೂ ನೀರು ಅಲ್ಲಿಯವರೆಗೆ ತಲುಪಬೇಕಲ್ಲ. ದೊಡ್ಡ ಭರತದ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ರೈಲು ಹಳಿಯಡಿ ಹಾಯುವ ಮಿಲನ್, ಅಂಧೇರಿ ಸಬ್‌ವೇಗಳನ್ನು ಮರೆತುಬಿಡಿ.

ಬಿಸಿಲಿರುವಾಗಲೇ ಹೌಸಿಂಗ್ ಸೊಸೈಟಿಯವರು ಟೆರೇಸಿನ ನೀರಿಳಿಯುವ ಪೈಪುಗಳ ಬಾಯಿ, ಕಾಂಪೌಂಡಿನ ಚೇಂಬರುಗಳನ್ನು ತೆಗೆಸಿ ನೋಡಬೇಕು. ಸಾವಿರ ಚದರ ಮೀಟರ್ ಜಾಗದ ಮೇಲೆ 50 ಮಿ.ಮೀ. ಮಳೆ ಎಂದರೆ 50,000 ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಐದು ಟ್ಯಾಂಕರು. ನೀರು ಏರತೊಡಗಿದರೆ ಲಿಫ್ಟನ್ನು ಎರಡನೇ ಮಹಡಿಯ ಮೇಲೆ ನಿಲ್ಲಿಸಿ ಸ್ವಿಚ್ ಆಫ್ ಮಾಡಿ. ಮೀಟರ್ ರೂಮಿಗೆ ನೀರು ನುಗ್ಗಿದ ಮೇಲೆ ಯಾರೂ ಒಳಗೆ ಹೋಗಕೂಡದು, ಮೇನ್ ಸ್ವಿಚ್ ಅದಕ್ಕೆ ಮೊದಲೇ ಬಂದ್ ಆಗಿರಬೇಕು. ನೆಲಮಹಡಿಯವರು ಪ್ಲಾಸ್ಟಿಕ್ ಚೀಲಕ್ಕೆ ಮರಳು ತುಂಬಿ ಕಮೋಡಿನ ಬಾಯಿಗೆ ಇಡಿ, ಕೊಳಚೆ ಹಿಮ್ಮರಳುವುದು ಮೊದಲು ಅಲ್ಲಿಂದಲೇ. ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡದವರು ನಡೆಸುವ ಹೋಟೆಲುಗಳಲ್ಲಿ ಅಕ್ಕಿ, ಮೈದಾ ಮೂಟೆಗಳು ನೆಲದ ಮೇಲೇ ಇರುತ್ತವೆ, ಗ್ರೈಂಡರಿನ ಮೋಟಾರೂ ಕೆಳಗಡೆಯೇ. ಮೂಟೆಗಳನ್ನು ಹಿಂದಿನ ರಾತ್ರಿಯೇ ಎತ್ತರದ ಕಟ್ಟೆಗೆ ಏರಿಸಿ. ಮೋಟಾರಿಗೆ ನೀರು ಹೊಕ್ಕಿದ್ದರೆ ಎಲೆಕ್ಟ್ರಿಷಿಯನ್ ನೋಡುವ ತನಕ ಪ್ಲಗ್ ಹಾಕಬೇಡಿ.

ನೀರು ಬೇಗ ಇಳಿಯಲಿ ಎಂದು ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ತೆಗೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ. 2017ರ ಆಗಸ್ಟ್ 29ರಂದು ಎಲ್ಫಿನ್‌ಸ್ಟನ್ ಬಳಿ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದೇ ಪ್ರಾಣ ಕಳೆದುಕೊಂಡರು. ಮುಚ್ಚಳವಿಲ್ಲದ್ದು ಕಂಡರೆ ಪಾಲಿಕೆಯ 1916ಕ್ಕೆ ಹೇಳಿ. ನೀರಿನಲ್ಲಿ ಕಾರು ನಿಂತುಹೋದರೆ ಮತ್ತೆ ಸ್ಟಾರ್ಟ್ ಮಾಡಬೇಡಿ, ಸಿಲಿಂಡರಿಗೆ ನೀರೆಳೆದು ಎಂಜಿನ್ ಹಾಳಾಗುತ್ತದೆ. ಕಿಟಕಿ ಇಳಿಸಿ, ಹೊರಬನ್ನಿ. 2005ರಲ್ಲಿ ಬಾಗಿಲು ತೆರೆಯಲಾಗದೆ ಕಾರಿನೊಳಗೇ ಸತ್ತವರಿದ್ದಾರೆ.

ನೀರಿಳಿದ ಮೇಲೆ ನೆಲದಡಿಯ ಟ್ಯಾಂಕು ನೋಡಿ. ನೆರೆನೀರು ಸೇರಿದ್ದರೆ ಪೂರ್ತಿ ಖಾಲಿ ಮಾಡಿ, ಉಜ್ಜಿ ತೊಳೆದು, ಹೊಸ ನೀರಿಗೆ ಸಾವಿರ ಲೀಟರಿಗೆ ಸುಮಾರು 4 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಹಾಕಿ ಅರ್ಧ ಗಂಟೆ ಬಿಡಿ. ಕುಡಿಯುವುದನ್ನು ಕುದಿಸಿಯೇ ಕುಡಿಯಿರಿ. ಕಾಲಲ್ಲಿ ಗಾಯವಿದ್ದು ನೆರೆನೀರಿನಲ್ಲಿ ನಡೆದವರು ಜ್ವರ ಬರಲೆಂದು ಕಾಯದೆ 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕು. ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಪಾಲಿಕೆಯ ದವಾಖಾನೆಗಳಲ್ಲೇ ಸಿಗುತ್ತದೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಮದ್ದು ಬೇರೆ, ಅದನ್ನು ವೈದ್ಯರೇ ಹೇಳಬೇಕು.