ಇಪ್ಪತ್ತೆಂಟು ಪೌಂಡಿಗೆ ಒಂದು ಕೋಟೆ

ಟಿಕೆಟ್ ಕೌಂಟರಿನಲ್ಲಿ ಟಾರ್ಚ್ ಬಾಡಿಗೆಗೆ ಇತ್ತು. "ಫೋನ್ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು" ಎಂದೆ. ಹೆಂಡತಿ ಏನೂ ಹೇಳಲಿಲ್ಲ. ಒಮ್ಮೆ ನನ್ನ ಮುಖ ನೋಡಿದಳು, ಅಷ್ಟೆ.

ಕ್ಯಾರೆಗ್ ಕೆನೆನ್ ಕೋಟೆ ಇರುವುದು ದಕ್ಷಿಣ ವೇಲ್ಸಿನಲ್ಲಿ, ಟ್ರ್ಯಾಪ್ ಎಂಬ ಪುಟ್ಟ ಹಳ್ಳಿಯ ಹತ್ತಿರ. ಗುಡ್ಡದ ಬುಡದಲ್ಲಿ ರೈತರ ಮನೆ. ಕೋಟೆಯೂ ಅವರದ್ದೇ! 1960ರ ದಶಕದಲ್ಲಿ ಜಮೀನು ಕೊಂಡಾಗ, ಕ್ರಯಪತ್ರದಲ್ಲಿ ಏನೋ ತಪ್ಪಾಗಿ ಕೋಟೆಯೂ ಸೇರಿಬಂತಂತೆ.

ಕುರಿ ಹಿಕ್ಕೆ ತುಳಿಯದಂತೆ ನೋಡಿಕೊಂಡು ಹತ್ತಿದೆವು. ಮೇಲೆ ನಿಲ್ಲಲೂ ಬಿಡದ ಗಾಳಿ. ದಕ್ಷಿಣದ ಕಡೆ ಸುಣ್ಣಕಲ್ಲಿನ ಬಂಡೆ ಗೋಡೆಯ ಹಾಗೆ ಕೆಳಗಿಳಿದಿದೆ. ಆ ಕಡೆಯಿಂದ ಶತ್ರು ಬರುವ ಮಾತೇ ಇಲ್ಲ.

ಆದರೆ ಈ ಜಾಗ ಕೈತಪ್ಪಿದ್ದು ಮನೆಯವರಿಂದಲೇ. ಇಲ್ಲಿ ಮೊದಲಿದ್ದ ವೇಲ್ಸ್ ಅರಸರ ಕೋಟೆಯನ್ನು ರ‍್ಹೀಸ್ ವಖನ್ ಎಂಬ ಅರಸನ ತಾಯಿಯೇ, ಮಗನ ಮೇಲಿನ ಸಿಟ್ಟಿಗೆ ಇಂಗ್ಲಿಷರ ಕೈಗೆ ಕೊಟ್ಟಳಂತೆ. 1248ರಲ್ಲಿ ಮಗ ಅದನ್ನು ವಾಪಸ್ ಪಡೆದ. 1283ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಈ ಸೀಮೆಯನ್ನು ತನ್ನ ಕಡೆಯ ಸರದಾರ ಜಾನ್ ಗಿಫರ್ಡ್‌ಗೆ ಕೊಟ್ಟ. ಈಗ ಕಾಣುವ ಗೋಡೆಗಳು ಆಮೇಲಿನವು.

ಮುರಿದ ಬುರುಜು ನೋಡಿ, ಫಿರಂಗಿ ಏಟೇ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಕೂಲಿ ಕೆಲಸ. ಇಂಗ್ಲೆಂಡಿನ ಪಟ್ಟಕ್ಕಾಗಿ ನಡೆದ ಯಾರ್ಕ್ ಮತ್ತು ಲ್ಯಾಂಕಾಸ್ಟರ್ ಮನೆತನಗಳ ಜಗಳದಲ್ಲಿ ಇದು ಸೋತವರ ಅಡಗುದಾಣವಾಗಿತ್ತು. ಮತ್ತೆ ಯಾರೂ ಬಂದು ಸೇರಿಕೊಳ್ಳಬಾರದೆಂದು 1462ರಲ್ಲಿ ಗೆದ್ದವರು 500 ಜನರನ್ನು ಕರೆಸಿ, ಹಾರೆ ಪಿಕಾಸಿ ಕೊಟ್ಟು ಕೆಡವಿಸಿದರು. ಖರ್ಚು 28 ಪೌಂಡ್. ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ: ಆಗ ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್, ಅಂದರೆ ತಲೆಗೆ ಒಂದು ಶಿಲ್ಲಿಂಗ್, ಮೇಲೆ ಚಿಲ್ಲರೆ. ಕಟ್ಟಿದವರ ಬೆವರಿಗೆ ಹೋಲಿಸಿದರೆ ತುಂಬಾ ಅಗ್ಗ ಅಲ್ವಾ?

ಕೊನೆಗೆ ಕೋಟೆಯ ಅಡಿಯ ಗವಿ. ಬಂಡೆಯ ಅಂಚಿನಲ್ಲೇ ಕಮಾನು ಕಟ್ಟಿದ ಓಣಿ, ಅಲ್ಲಲ್ಲಿ ಕಿಂಡಿ, ಅಲ್ಲಿಯವರೆಗೆ ಬೆಳಕಿತ್ತು. ಮುಂದೆ ಕಗ್ಗತ್ತಲು. ಕಾಲ ಕೆಳಗೆ ಜಾರುವ ಕಲ್ಲು, ಕೈಯಿಟ್ಟಲ್ಲೆಲ್ಲ ತಣ್ಣನೆ ಪಸೆ. ಹತ್ತು ಹೆಜ್ಜೆ ಇಟ್ಟಿರಬೇಕು, ಫೋನ್ ಆಫ್! ಬೆಳಗಿನಿಂದ ಫೋಟೊ ತೆಗೆದೂ ತೆಗೆದೂ ಚಾರ್ಜ್ ಮುಗಿದಿತ್ತು. ಹೆಂಡತಿಯ ಫೋನ್ ಕಾರಿನಲ್ಲಿ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು.

ಹಿಂದಿನಿಂದ ಬೆಳಕು ಬಂತು. ಏಳೆಂಟು ವರ್ಷದ ಹುಡುಗಿ, ಕೈಯಲ್ಲಿ ಬಾಡಿಗೆ ಟಾರ್ಚ್, ಜೊತೆಗೆ ಅಪ್ಪ. "ನಿಮ್ಮ ಟಾರ್ಚ್ ಕೆಟ್ಟುಹೋಯ್ತಾ?" ಎಂದು ಅವರು ಕೇಳಿದರು.

ನಾನು "ಹೌದು" ಅನ್ನುವಷ್ಟರಲ್ಲಿ ಹೆಂಡತಿ, "ಇಲ್ಲ, ಇವರು ತಗೊಂಡೇ ಇಲ್ಲ" ಎಂದಳು.