ಕಾರವಾರದಿಂದ ಗುಲ್ಮಾರ್ಗ್‌ಗೆ, ಹಾರ್ಡ್ ಬೂಟು ಹೊತ್ತು

ಗುಲ್ಮಾರ್ಗ್‌ನ ಹಿಮದಲ್ಲಿ ಒಡೆಯುವ ಬೂಟು ಎಷ್ಟೋ ಸಲ ಕಾರವಾರದ ಕಪಾಟಿನಲ್ಲೇ ಹಾಳಾಗಿರುತ್ತದೆ. ಸ್ನೋಬೋರ್ಡಿಗೆ, ಅಂದರೆ ಹಿಮದ ಮೇಲೆ ಜಾರುವ ಹಲಗೆಗೆ, ತೊಡುವ ಹಾರ್ಡ್ ಬೂಟಿನ ಹೊರಚಿಪ್ಪು ಹೆಚ್ಚಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ತೇವ ತಾಗುತ್ತಿದ್ದರೆ ಅದು ಒಳಗೊಳಗೇ ಸಡಿಲವಾಗುತ್ತ ಹೋಗುತ್ತದೆ, ಸೆಕೆ ಸೇರಿದರೆ ಇನ್ನೂ ಬೇಗ. ಹೊರಗಿನ ಹೊಳಪು ಹಾಗೇ ಇರುತ್ತದೆ. ಚಳಿಯಲ್ಲಿ ಬಕಲ್ ಬಿಗಿದು ಮುಂದಕ್ಕೆ ಬಾಗಿದಾಗ ಹಿಮ್ಮಡಿಯ ಸುತ್ತ ಚೂರುಚೂರಾಗಿ ಉದುರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಕರಾವಳಿಯಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ಹತ್ತು–ಹನ್ನೆರಡು ವರ್ಷ ಹಳೆಯ ಬೂಟು ತರಿಸುವುದು ಬುದ್ಧಿವಂತಿಕೆಯಲ್ಲ. ಹೊರಡುವ ಮುಂಚೆ ಲೈನರ್ (ಒಳಗಿನ ಮೆತ್ತನೆ ಪದರ) ಹೊರತೆಗೆದು, ಬಕಲ್ ರಿವೆಟ್‌ಗಳ ಸುತ್ತ ಮತ್ತು ಕಣಕಾಲಿನ ಕೀಲಿನ ಹತ್ತಿರ ಟಾರ್ಚ್ ಬಿಟ್ಟು ನೋಡಿ. ಕೂದಲೆಳೆಯಂಥ ಬಿರುಕು ಕಂಡರೂ, ಚಿಪ್ಪು ಅಂಟಂಟಾಗಿದ್ದರೂ ಆ ಬೂಟು ಮನೆಯಲ್ಲೇ ಇರಲಿ.

ಹಾರ್ಡ್ ಬೂಟ್ ಕಾರ್ವಿಂಗ್ ಎಂದರೆ ಸ್ನೋಬೋರ್ಡನ್ನು ಅಡ್ಡ ಉಜ್ಜದೆ, ಅಂಚಿನ ಮೇಲೆ ನಿಲ್ಲಿಸಿ, ಹಿಮದಲ್ಲಿ ಸಪೂರ ಗೆರೆ ಕೊರೆಯುತ್ತ ಇಳಿಯುವುದು. ಒಲಿಂಪಿಕ್ಸ್‌ನ ಪ್ಯಾರಲಲ್ ಜೈಂಟ್ ಸ್ಲಾಲಮ್‌ನಲ್ಲಿ ಕಾಣುವುದು ಇದೇ ಸಲಕರಣೆ. 2018ರಲ್ಲಿ ಆ ಸ್ಪರ್ಧೆಯ ಚಿನ್ನ ಗೆದ್ದ ಎಸ್ತರ್ ಲೆಡೆಟ್ಸ್ಕಾ ಅದೇ ಕೂಟದಲ್ಲಿ ಸ್ಕೀಯಲ್ಲೂ ಚಿನ್ನ ಗೆದ್ದಿದ್ದರು. ಗುಲ್ಮಾರ್ಗ್‌ನ ಬಾಡಿಗೆ ಅಂಗಡಿಗಳಲ್ಲಿ ಸಿಗುವುದು ಸ್ಕೀ ಮತ್ತು ಮೆತ್ತನೆ ಬೂಟಿನ ಬೋರ್ಡು. ಹಾರ್ಡ್ ಬೂಟನ್ನು ಬೋರ್ಡಿಗೆ ಹಿಡಿಸುವ ಪ್ಲೇಟ್ ಬೈಂಡಿಂಗ್‌ನ ಬಿಡಿಭಾಗ ಅಲ್ಲಿ ಸಿಕ್ಕೀತೆಂದು ನಂಬಿ ಹೋಗಬೇಡಿ. ಆದ್ದರಿಂದ ಅರ್ಧ ಕೆಲಸ ಮನೆಯ ಜಗಲಿಯಲ್ಲೇ ಮುಗಿಯಬೇಕು.

ಮೊದಲು ಬೂಟಿನ ಅಳತೆ. ಲೈನರ್ ಇಲ್ಲದ ಚಿಪ್ಪಿಗೆ ಬರಿಗಾಲು ಹಾಕಿ, ಬೆರಳು ಮುಂದೆ ತಾಗಿಸಿ ನಿಲ್ಲಿ. ಹಿಮ್ಮಡಿಯ ಹಿಂದೆ ಒಂದರಿಂದ ಒಂದೂವರೆ ಸೆಂ.ಮೀ. ಜಾಗ ಇದ್ದರೆ ಸರಿ. ಇದಕ್ಕಿಂತ ಸಡಿಲವಾದರೆ ಇಳಿಜಾರಿನಲ್ಲಿ ಹಿಮ್ಮಡಿ ಮೇಲೇಳುತ್ತದೆ. ಅದನ್ನು ತಡೆಯಲು ಬಕಲ್ ಬಿಗಿದು ಬಿಗಿದು ಪಾದ ಮರಗಟ್ಟುತ್ತದೆ.

ಆಮೇಲೆ ಕೋನ. ಪಾದ ಬೋರ್ಡಿಗೆ ಪೂರ್ತಿ ಅಡ್ಡ ಇದ್ದರೆ ಸೊನ್ನೆ ಡಿಗ್ರಿ ಎಂದು ಲೆಕ್ಕ. ಕಾರ್ವಿಂಗ್ ಬೋರ್ಡಿನ ಸೊಂಟ, ಅಂದರೆ ನಡುವಿನ ಅಗಲ, ಬರೀ 18ರಿಂದ 22 ಸೆಂ.ಮೀ., ಬೂಟಿನ ತಳ 30 ಸೆಂ.ಮೀ. ಹತ್ತಿರ. 50 ಡಿಗ್ರಿಯಲ್ಲಿ ಆ ಉದ್ದ ಅಡ್ಡಕ್ಕೆ 19.3 ಸೆಂ.ಮೀ. ತಿನ್ನುತ್ತದೆ, 60 ಡಿಗ್ರಿಯಲ್ಲಿ 15 ಮಾತ್ರ. ಬೂಟಿನ ಅಗಲವೂ ಇದಕ್ಕೆ ಕೂಡುತ್ತದೆ. ಬೆರಳಾಗಲಿ ಹಿಮ್ಮಡಿಯಾಗಲಿ ಅಂಚಿನಾಚೆ ಚಾಚಿದರೆ ತಿರುವಿನ ಆಳದಲ್ಲಿ ಬೂಟು ಹಿಮಕ್ಕೆ ತಗುಲಿ ಅಂಚು ಎದ್ದುಬಿಡುತ್ತದೆ, ಬೀಳುವುದು ಆಗಲೇ. ಮುಂಗಾಲಿಗೆ 60, ಹಿಂಗಾಲಿಗೆ 55ರಿಂದ ಶುರುಮಾಡಿ. ಬೋರ್ಡನ್ನು ಸಿಮೆಂಟ್ ನೆಲದ ಮೇಲೆ ಓರೆ ಮಾಡಿ, ಬೂಟು ತಾಗುತ್ತದೆಯೇ ಎಂದು ಕಣ್ಣಳತೆಯಲ್ಲೇ ನೋಡಬಹುದು. ಮುಂಗಾಲಿನ ಬೆರಳಿನ ಕಡೆ, ಹಿಂಗಾಲಿನ ಹಿಮ್ಮಡಿಯ ಕಡೆ ಮೂರು ಡಿಗ್ರಿ ಎತ್ತರಿಸಿದರೆ ಮಂಡಿ ಹಗುರ. ಬಾಂಬರ್ ಟಿಡಿ3 ಬೈಂಡಿಂಗ್‌ಗೆ 0, 3, 6 ಡಿಗ್ರಿಯ ತಟ್ಟೆಗಳಿವೆ. ಎಫ್2 ಕಂಪನಿಯ ಬೈಂಡಿಂಗ್‌ಗೆ ಬೆಣೆ ಹಾಕುತ್ತಾರೆ.

ತಕರಾರು ಇರುವುದು ಸ್ಕ್ರೂಗಳಲ್ಲಿ. ಎಲ್ಲ ಎಂ6 (ಆರು ಮಿ.ಮೀ. ದಪ್ಪ), ಒಂದು ಸುತ್ತಿಗೆ ಒಂದು ಮಿ.ಮೀ. ಒಳಗಿಳಿಯುತ್ತವೆ. ಬೋರ್ಡಿನ ಇನ್ಸರ್ಟ್‌ನಲ್ಲಿ (ಸ್ಕ್ರೂ ಕೂರುವ ಥ್ರೆಡ್ ಇರುವ ಲೋಹದ ತೂತು) ಕನಿಷ್ಠ ಆರು ಸುತ್ತು ಹಿಡಿಯದಿದ್ದರೆ ಥ್ರೆಡ್ ಕಿತ್ತು ಬರುತ್ತದೆ. ಬೆಣೆ ಹಾಕಿದ ಕಡೆ ದಪ್ಪ ಹೆಚ್ಚು, ಅಲ್ಲಿ ಉದ್ದದ ಸ್ಕ್ರೂ ಬೇಕು. ಅದೇ ಉದ್ದದ್ದನ್ನು ತೆಳುವಾದ ಕಡೆಗೂ ಹಾಕಿದರೆ ತುದಿ ಇನ್ಸರ್ಟ್‌ನ ತಳಕ್ಕೆ ಒತ್ತಿ ಬೋರ್ಡಿನ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಸ್ಕ್ರೂ ನಿಂತಿತು, ತಟ್ಟೆ ಮಾತ್ರ ಇನ್ನೂ ಅಲುಗುತ್ತಿದೆ ಎಂದರೆ ಅದು ಉದ್ದವಾಯಿತು ಎಂದೇ ಅರ್ಥ. ತಲೆ ಸಾಮಾನ್ಯವಾಗಿ ಪೋಜಿಡ್ರೈವ್ ಮೂರನೇ ನಂಬರಿನದು. ಪೇಟೆಯಲ್ಲಿ ಕೇಳಿದರೆ ಕೊಡುವ ಸ್ಟಾರ್ ಸ್ಕ್ರೂಡ್ರೈವರ್ ಹೊಂದಿದಂತೆ ಕಾಣುತ್ತದೆ, ಬಿಗಿಯುವಾಗ ಜಾರಿ ತಲೆಯನ್ನೇ ತಿಂದುಬಿಡುತ್ತದೆ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಸ್ಕ್ರೂ ತುದಿಗೆ ಒಂದೇ ಹನಿ. ಪ್ಲಾಸ್ಟಿಕ್ಕಿಗೆ ಸೋರಿದರೆ ಅದು ಸೀಳುತ್ತದೆ.

ಶಿರಸಿ ಕಡೆಯವರು ದೇವಿಮನೆ ಘಟ್ಟ ಇಳಿದು ಕುಮಟಾದ ಮೇಲೆ ಕಾರವಾರ ಸೇರಿದರೆ, ಶಿರವಾಡದ ನಿಲ್ದಾಣದಿಂದ ಮಂಗಳಾ ಎಕ್ಸ್‌ಪ್ರೆಸ್ ನೇರ ದೆಹಲಿಯ ನಿಜಾಮುದ್ದೀನ್‌ಗೆ. ಗೋವೆಯಿಂದ ವಿಮಾನವೂ ಇದೆ, ಆದರೆ ದೇಶದೊಳಗಿನ ಟಿಕೆಟ್‌ಗೆ ಸಾಮಾನ್ಯವಾಗಿ ಸಿಗುವ 15 ಕೆ.ಜಿ.ಯಲ್ಲಿ ಬೂಟು, ಬೋರ್ಡು, ಬೈಂಡಿಂಗ್ ಹೋದ ಮೇಲೆ ಬಟ್ಟೆಗೆ ಹೆಚ್ಚು ಉಳಿಯುವುದಿಲ್ಲ. ರೈಲಿನಲ್ಲಿ ಬೋರ್ಡಿನ ಚೀಲ ಕೆಳ ಬರ್ತಿನ ಅಡಿಗೆ ಉದ್ದುದ್ದ ಸೇರುವಂತೆ ಕೆಳ ಬರ್ತನ್ನೇ ಕಾಯ್ದಿರಿಸಿ. ಬೈಂಡಿಂಗ್ ಬಿಚ್ಚಿ ಬಟ್ಟೆಯ ನಡುವೆ ಇಟ್ಟರೆ ಚೀಲದ ದಪ್ಪ ಅರ್ಧವಾಗುತ್ತದೆ, ಬೇಲ್ (ಬೂಟನ್ನು ಹಿಡಿಯುವ ಉಕ್ಕಿನ ಕುಣಿಕೆ) ಬಾಗುವ ಭಯವೂ ಇಲ್ಲ.

ದೆಹಲಿಯಿಂದ ರಾತ್ರಿ ರೈಲು ಹಿಡಿದು ಕಟ್ರಾ. 2025ರ ಜೂನ್‌ನಿಂದ ಅಲ್ಲಿಂದ ಶ್ರೀನಗರಕ್ಕೆ ವಂದೇ ಭಾರತ್ ಓಡುತ್ತಿದೆ. ದಾರಿಯಲ್ಲಿ ನದಿಯಿಂದ 359 ಮೀಟರ್ ಮೇಲಿನ ಚೆನಾಬ್ ಸೇತುವೆ. ಇದು ಚೇರ್ ಕಾರ್, ಬರ್ತಿನ ಅಡಿ ಎಂಬುದಿಲ್ಲ. ಚೀಲ ತಲೆಯ ಮೇಲಿನ ಅಟ್ಟಣಿಗೆಗೇ ಹೋಗಬೇಕು. ಶ್ರೀನಗರದಿಂದ ಗುಲ್ಮಾರ್ಗ್ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ., ಅಂದರೆ ತಂಗ್‌ಮಾರ್ಗ್ ದಾಟಿದ ಮೇಲೆ, ಹಿಮ ಬಿದ್ದಿದ್ದರೆ ಚಕ್ರಕ್ಕೆ ಚೈನು ಕಟ್ಟಿದ ಗಾಡಿಯೇ ಗತಿ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕಾಶ್ಮೀರದಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ನಡೆಯುತ್ತದೆ.

ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್. ಗೊಂಡೊಲಾದ (ಕೇಬಲ್ ಕಾರಿನ) ಮೊದಲ ಹಂತ ಕೊಂಗ್ಡೂರಿಗೆ, ಎರಡನೆಯದು ಅಫರ್ವಟ್ ಬೆಟ್ಟದ ಹೆಗಲಿಗೆ. ಊರಿಗೆ ಹೆಸರು ತಂದದ್ದು ಮೇಲಿನ ಪುಡಿಹಿಮ, ನಮ್ಮ ಬೋರ್ಡಿಗೆ ಆಗದಿರುವುದೂ ಅದೇ. ಸಪೂರ ಮೂತಿ ಪುಡಿಯೊಳಗೆ ಹೂತುಹೋಗುತ್ತದೆ. ಬೇಕಾದದ್ದು ಯಂತ್ರ ಓಡಿಸಿ ಸಮ ಮಾಡಿದ, ರಾತ್ರಿಯ ಚಳಿಗೆ ಗಟ್ಟಿಯಾದ ಇಳಿಜಾರು. ಆದ್ದರಿಂದ ಕೆಳಗಿನ ಇಳಿಜಾರುಗಳಲ್ಲಿ, ಜನ ಸೇರುವ ಮುಂಚೆ, ಬೆಳಗ್ಗೆಯೇ ಇಳಿಯಬೇಕು. ಹೊಸ ಹಿಮ ಬಿದ್ದ ದಿನ ಎಲ್ಲರೂ ಕುಣಿಯುತ್ತಾರೆ. ಹಾರ್ಡ್ ಬೂಟಿನವರು ಅಂದು ಕಾಹ್ವಾ ಕುಡಿದು ಬಕಲ್ ಸರಿಮಾಡಿಕೊಳ್ಳುವುದೇ ಲೇಸು.

ಜಗಲಿಯಲ್ಲಿ 30 ಡಿಗ್ರಿ ಸೆಕೆಯಲ್ಲಿ ಸರಿಯೆನಿಸಿದ ಬೂಟು ಸೊನ್ನೆಯ ಕೆಳಗೆ ಬಿರುಸಾಗುತ್ತದೆ. ಹಾಗಾಗಿ ರಾತ್ರಿ ಬೂಟನ್ನು ಕೋಣೆಯೊಳಗೇ ಇಡಿ, ಕೋಣೆ ಕಾಯಿಸುವ ಒಲೆ ಬುಖಾರಿಗೆ ತಾಗಿಸಬೇಡಿ. ಮೊದಲ ಇಳಿತಕ್ಕೆ ಮೇಲಿನ ಎರಡು ಬಕಲ್ ಒಂದು ಹಲ್ಲು ಸಡಿಲ ಇರಲಿ.

ತುಳಿದು ಕೂರಿಸುವ ಸ್ಟೆಪ್-ಇನ್ ಬೈಂಡಿಂಗ್‌ಗೆ ಬೂಟಿನ ಹಿಮ್ಮಡಿಯಲ್ಲಿ ಎರಡು ಪಿನ್ ಇರುತ್ತವೆ, ಪಿಂಡಿಯ ಹತ್ತಿರದ ಹಿಡಿ ಎಳೆದರೆ ಕೇಬಲ್ ಅವನ್ನು ಒಳಗೆಳೆಯುತ್ತದೆ. ಹಿಮ ಮೆತ್ತಿಕೊಂಡಿದ್ದರೆ ಒಂದೇ ಪಿನ್ ಕೂರುತ್ತದೆ, ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಿಮ್ಮಡಿ ಕೆರೆದು, ತುಳಿದು, ಆಮೇಲೆ ಕಾಲನ್ನು ಜೋರಾಗಿ ಎತ್ತಿ ನೋಡಿ. ಕೇಬಲ್ ಒಂದು ಹೆಚ್ಚುವರಿ ಇರಬೇಕು. ಬೇಲ್ ಬೈಂಡಿಂಗ್‌ನಲ್ಲಿ ಈ ರಗಳೆ ಇಲ್ಲ, ಬಗ್ಗಿ ಕೈಯಲ್ಲಿ ಹಾಕಬೇಕಷ್ಟೇ. ಉಕ್ಕಿನ ಬೇಲ್ ದಣಿದು ತುಂಡಾಗುವುದುಂಟು, ಅದೂ ಒಂದು ಹೆಚ್ಚು ಇರಲಿ. ಇಷ್ಟು ದೂರದ ಊರಿಗೆ ಬೇಲ್ ವಾಸಿ ಎಂಬುದು ನಮ್ಮ ಅಭಿಪ್ರಾಯ. ಎರಡೂ, ನೀವು ಬಿದ್ದಾಗ, ತಾವಾಗಿ ಬಿಡುವ ಬೈಂಡಿಂಗ್‌ಗಳಲ್ಲ, ಬೋರ್ಡಿಗೆ ಬ್ರೇಕೂ ಇಲ್ಲ. ಕಾಲಿಗೆ ಲೀಶ್ (ಬೋರ್ಡು ಜಾರಿಹೋಗದಂತೆ ಹಿಡಿಯುವ ಪಟ್ಟಿ) ಕಟ್ಟಿ. ಬಿಚ್ಚಿಟ್ಟಾಗ ಬೋರ್ಡನ್ನು ಕವುಚಿಡಿ.

ಮರಳುವಾಗ ಒದ್ದೆ ಬೋರ್ಡನ್ನು ಹಾಗೇ ಚೀಲಕ್ಕೆ ತುರುಕಿದರೆ ಕಾರವಾರ ಮುಟ್ಟುವಷ್ಟರಲ್ಲಿ ಉಕ್ಕಿನ ಅಂಚು ತುಕ್ಕು ಹಿಡಿದು ಕೆಂಪಗಾಗಿರುತ್ತದೆ. ಒರೆಸಿ, ಅಂಚಿಗೂ ಮೆತ್ತುವಂತೆ ವ್ಯಾಕ್ಸ್ ಹಾಕಿ, ಕೆರೆಯದೆ ಬಿಡಿ. ಲೈನರ್ ಬಟ್ಟೆಯ ಚೀಲದಲ್ಲಿ ಬೇರೆಯೇ ಬರಲಿ, ಇಲ್ಲವಾದರೆ ಬೂಷ್ಟು. ಮನೆಯಲ್ಲಿ ಚಿಪ್ಪಿನ ಬಕಲ್‌ಗಳನ್ನು ಮೆಲ್ಲಗೆ ಸಿಕ್ಕಿಸಿ, ಸಿಲಿಕಾ ಜೆಲ್ ಜೊತೆ ಮುಚ್ಚಳ ಬಿಗಿಯಾದ ಡಬ್ಬದಲ್ಲಿಡಿ. ಅಡಿಕೆ ಒಣಗಿಸುವ ಅಟ್ಟ ಒಣಗಿದ್ದರೂ ಕಾವು ಹೆಚ್ಚು, ಬೇಡ. ಬೈಂಡಿಂಗ್ ಬಿಚ್ಚಿಯೇ ಇರಲಿ, ಇನ್ಸರ್ಟ್‌ಗಳಿಗೆ ಒಂದೊಂದು ಹನಿ ಎಣ್ಣೆ. ಮುಂದಿನ ಚಳಿಗಾಲಕ್ಕೆ ಮತ್ತೆ ಕೂರಿಸುವಾಗ ಆ ಎಣ್ಣೆಯನ್ನು ಸ್ಪಿರಿಟ್ ಹಾಕಿ ಒರೆಸಿ ತೆಗೆಯಿರಿ, ಜಿಡ್ಡಿದ್ದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ.